ಗದ್ದಲದ ನಡುವೆ ಒಂದು ಮಾತು

ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ. ಬೇಡವಾದ ನೋಟದಿಂದ ಮನುಷ್ಯನು ಕಣ್ಣು ಮುಚ್ಚಿ ತಪ್ಪಿಸಿಕೊಳ್ಳಬಲ್ಲನು. ಬೇಡವಾದ ಸದ್ದಿನಿಂದ ಹಾಗೆ ತಪ್ಪಿಸಿಕೊಳ್ಳಲಾರನು. ನಿದ್ರೆಯಲ್ಲಿಯೂ ಕಿವಿ ತೆರೆದೇ ಇರುತ್ತದೆ. ತಾಯಿಯ ಲಾಲಿ, ಗುರುವಿನ ಪಾಠ, ಗೆಳೆಯನ ಕರೆ ಎಲ್ಲವೂ ಮನಸ್ಸನ್ನು ಸೇರುವುದು ಈ ಬಾಗಿಲಿನಿಂದಲೇ. ಹಿಂದಿನವರು ವಿದ್ವಾಂಸನನ್ನು ‘ಬಹುಶ್ರುತ’ ಎಂದು ಕರೆದರು. ಬಹಳ ಓದಿದವನು ಎಂದಲ್ಲ, ಬಹಳ ಕೇಳಿದವನು ಎಂಬುದೇ ಆ ಮಾತಿನ ಅರ್ಥ.

ಆದರೂ ಪಂಚೇಂದ್ರಿಯಗಳಲ್ಲಿ ಕಣ್ಣಿಗೆ ಸಲ್ಲುವ ಮನ್ನಣೆ ಕಿವಿಗೆ ಸಂದಿಲ್ಲ. ಕಣ್ಣು ಮಂದವಾದವರನ್ನು ಕಂಡರೆ ಲೋಕಕ್ಕೆ ಕನಿಕರ. ಕಿವಿ ಮಂದವಾದವರನ್ನು ಕಂಡರೆ ನಗೆ. ಕುರುಡನಿಗೆ ದಾರಿ ತೋರಲು ಮುಂದಾಗುವ ಮಂದಿಯೇ ಕಿವುಡನ ತಪ್ಪು ಉತ್ತರವನ್ನು ಹತ್ತು ಜನರ ಮುಂದೆ ಹೇಳಿ ನಗಿಸುತ್ತಾರೆ. ಈ ನಗೆಯ ಹಿಂದೆ ದ್ವೇಷವಿಲ್ಲ, ನಿಜ. ಆದರೆ ಅದು ಯಾರ ಮೇಲೆ ಬೀಳುತ್ತದೆಯೋ ಅವರಿಗೆ ಅದರ ಭಾರ ತಿಳಿಯುತ್ತದೆ.

ಮೈಸೂರಿನ ಒಂದು ಸಂಸಾರದಲ್ಲಿ ನಡೆದ ಪ್ರಸಂಗವಿದು. ಮನೆಯ ಹಿರಿಯರು ಬಟ್ಟೆಯ ಗಿರಣಿಯೊಂದರಲ್ಲಿ ಮೂವತ್ತು ವರ್ಷ ಮಗ್ಗಗಳ ನಡುವೆ ದುಡಿದವರು. ಎಪ್ಪತ್ತು ದಾಟುವ ಹೊತ್ತಿಗೆ ಅವರ ಕಿವಿ ಬಹಳ ಮಂದವಾಯಿತು. ಮಗನು ಎರಡು ಕಿವಿಗಳಿಗೂ ಶ್ರವಣ ಸಾಧನಗಳನ್ನು ಕೊಡಿಸಿದನು. ಮನೆಯಲ್ಲಿ ಎಲ್ಲರಿಗೂ ಹರ್ಷ. ಬೆಳಗಿನ ಹೊತ್ತು ಅಂಗಳದ ಗುಬ್ಬಚ್ಚಿಯ ದನಿ ಎಷ್ಟೋ ವರ್ಷಗಳ ಮೇಲೆ ಕೇಳಿಸಿತೆಂದು ಹಿರಿಯರು ಹೇಳಿಕೊಂಡರು. ಮೊಮ್ಮಗಳು ಪಾಠ ಓದಿದರೆ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದರು.

ಒಂದು ಭಾನುವಾರ ಸಂಜೆ ಮನೆಮಂದಿಯೆಲ್ಲ ಹೋಟೆಲಿಗೆ ಹೋದರು. ಒಳಗೆ ಜನ ಕಿಕ್ಕಿರಿದಿದ್ದರು. ನುಣುಪಾದ ಕಲ್ಲಿನ ನೆಲ, ಗೋಡೆಗೆಲ್ಲ ಹೊಳೆಯುವ ಬಿಲ್ಲೆಗಳು, ಬೀದಿಯ ಕಡೆ ಗಾಜು. ಮಾಣಿಯು ಅಡಿಗೆಮನೆಯತ್ತ ತಿರುಗಿ, “ಮೂರು ಮಸಾಲೆ, ಒಂದು ಸೆಟ್!” ಎಂದು ಕೂಗುತ್ತಿದ್ದನು. ಲೋಟ ತಟ್ಟೆಗಳ ಸದ್ದು, ಕಾವಲಿಯ ಮೇಲೆ ನೀರೆರಚಿದ ಸದ್ದು, ಹೊಗೆಯನ್ನು ಹೊರದಬ್ಬುವ ಫ್ಯಾನಿನ ಮೊರೆತ, ಇವೆಲ್ಲಕ್ಕಿಂತ ಮೇಲಾಗಿ ನೂರು ಜನರ ಮಾತು. ಮೊಮ್ಮಗಳು, “ತಾತ, ಹಾಲು ತರಿಸಲೇ?” ಎಂದು ಕೇಳಿದಳು. ತಾತನು ನಗುಮುಖದಿಂದ, “ಕಾಲು ಈಗ ಪರವಾಗಿಲ್ಲಮ್ಮ, ಮೆಟ್ಟಿಲು ಹತ್ತಿದರೂ ನೋಯುವುದಿಲ್ಲ” ಎಂದರು. ಮನೆಯವರೆಲ್ಲ ನಕ್ಕರು, ಪಕ್ಕದ ಮೇಜಿನವರೂ ನಕ್ಕರು. ತಾತನೂ ನಕ್ಕರು. ಆದರೆ ಅನಂತರ ಅವರು ಮಾತನಾಡಲಿಲ್ಲ. ಸ್ವಲ್ಪ ಹೊತ್ತಿಗೆ ಎರಡು ಕಿವಿಗಳ ಸಾಧನಗಳನ್ನೂ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು.

ಮುಂದಿನ ಸಲ ಎಲ್ಲರೂ ಹೊರಟಾಗ, “ನೀವು ಹೋಗಿ ಬನ್ನಿ, ನನಗೆ ಹಸಿವಿಲ್ಲ” ಎಂದರು. ಮದುವೆಯ ಕರೆ ಬಂದಾಗಲೂ ಅದೇ ಉತ್ತರ. ಸಾಯಂಕಾಲ ಉದ್ಯಾನದಲ್ಲಿ ಸೇರುತ್ತಿದ್ದ ಹಳೆಯ ಗೆಳೆಯರ ಗುಂಪಿಗೂ ಹೋಗುವುದನ್ನು ಬಿಟ್ಟರು. ಮೊಮ್ಮಗಳಿಗೆ ಇದು ಕೊರೆಯತೊಡಗಿತು. ಮನೆಯಲ್ಲಿ ಎಲ್ಲವೂ ಕೇಳುವ ತಾತನಿಗೆ ಹೋಟೆಲಿನಲ್ಲಿ ಏಕೆ ಕೇಳಿಸಲಿಲ್ಲ? ಅಷ್ಟು ಹಣ ಕೊಟ್ಟು ತಂದ ಸಾಧನ ಅಲ್ಲಿ ಏಕೆ ಸೋತಿತು?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಕಿವಿಯ ರಚನೆಯನ್ನು ಸ್ವಲ್ಪ ಅರಿಯಬೇಕು. ಹೊರಗಿನಿಂದ ಬಂದ ಶಬ್ದದ ಅಲೆಗಳು ಕಿವಿಯ ತಮಟೆಯನ್ನು ನಡುಗಿಸುತ್ತವೆ. ಆ ನಡುಕವನ್ನು ನಡುಕಿವಿಯ ಮೂರು ಸಣ್ಣ ಮೂಳೆಗಳು ಒಳಕಿವಿಗೆ ಮುಟ್ಟಿಸುತ್ತವೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ, ದ್ರವ ತುಂಬಿದ ನಾಳವೊಂದಿದೆ. ಅದರೊಳಗೆ ಸೂಕ್ಷ್ಮ ರೋಮಗಳನ್ನು ಹೊತ್ತ ಜೀವಕೋಶಗಳು ಸಾಲಾಗಿ ನಿಂತಿವೆ. ಒಳಸಾಲಿನಲ್ಲಿ ಸುಮಾರು 3,500; ಹೊರಸಾಲುಗಳಲ್ಲಿ ಸುಮಾರು 12,000. ಒಳಸಾಲಿನವು ಮಿದುಳಿಗೆ ಸುದ್ದಿ ಕಳುಹಿಸುತ್ತವೆ. ಹೊರಸಾಲಿನವು ಮೆಲುದನಿಯನ್ನು ಬಲಪಡಿಸಿ, ಒಂದು ಸ್ವರವನ್ನು ಅದರ ನೆರೆಯ ಸ್ವರದಿಂದ ಬೇರ್ಪಡಿಸಿಕೊಡುತ್ತವೆ. ನಾಳದ ಬಾಯಿಯ ಬಳಿಯಿರುವ ಕೋಶಗಳು ಕೀರಲು ಸ್ವರಕ್ಕೂ ತುದಿಯಲ್ಲಿರುವವು ಮಂದ್ರಸ್ವರಕ್ಕೂ ಮಿಡಿಯುತ್ತವೆ. ಈ ನಾಳದಲ್ಲಿ ಶಬ್ದದ ಅಲೆ ಹೇಗೆ ಸಾಗುತ್ತದೆಂಬುದನ್ನು ತೋರಿಸಿಕೊಟ್ಟವನು ಹಂಗೆರಿಯಲ್ಲಿ ಜನಿಸಿದ ವಿಜ್ಞಾನಿ ಗೆಯಾರ್ಗ್ ಫಾನ್ ಬೆಕೆಸಿ. ಈ ಸಾಧನೆಗಾಗಿ ಅವನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ರೋಮಕೋಶಗಳಲ್ಲಿ ಒಂದು ದೊಡ್ಡ ಕೊರತೆಯಿದೆ. ಕತ್ತರಿಸಿದ ಕೂದಲು ಮತ್ತೆ ಬೆಳೆಯುತ್ತದೆ. ಗಾಯಗೊಂಡ ಚರ್ಮ ಕೂಡಿಕೊಳ್ಳುತ್ತದೆ. ಆದರೆ ಮನುಷ್ಯನಲ್ಲಿ ಒಮ್ಮೆ ಸತ್ತ ರೋಮಕೋಶವು ಮತ್ತೆ ಹುಟ್ಟುವುದಿಲ್ಲ. ವಯಸ್ಸು ಅವನ್ನು ಕೊಲ್ಲುತ್ತದೆ. ಬಹುಕಾಲದ ದೊಡ್ಡ ಸದ್ದೂ ಕೊಲ್ಲುತ್ತದೆ. ಎರಡರಲ್ಲಿಯೂ ಮೊದಲ ಪೆಟ್ಟು ಬೀಳುವುದು ಕೀರಲು ಸ್ವರಗಳನ್ನು ಹಿಡಿಯುವ ಕೋಶಗಳ ಮೇಲೆ. ಮಗ್ಗಗಳ ನಡುವೆ ಆಯುಷ್ಯ ಸವೆಸಿದವರ ಕಿವಿಯಲ್ಲಿ ಎರಡು ಪೆಟ್ಟುಗಳೂ ಕೂಡಿಕೊಳ್ಳುತ್ತವೆ.

ಇಲ್ಲಿ ಭಾಷೆಯ ಪಾಠವೂ ಅಡಗಿದೆ. ಸ್ವರಾಕ್ಷರಗಳ ಧ್ವನಿ ಬಲವಾದುದು. ಅದರ ಹೆಚ್ಚಿನ ಶಕ್ತಿ ಕೆಳಗಿನ ಸ್ಥಾಯಿಗಳಲ್ಲಿದೆ. ಅನೇಕ ವ್ಯಂಜನಗಳ ಧ್ವನಿ ಕ್ಷೀಣವಾದುದು. ಸ, ಶ, ತ, ಕ ಮೊದಲಾದವು ಮೇಲಿನ ಸ್ಥಾಯಿಗಳನ್ನು ನೆಚ್ಚಿಕೊಂಡಿವೆ. ಆದರೆ ಪದದಿಂದ ಪದವನ್ನು ಬೇರೆ ಮಾಡುವುದು ಹೆಚ್ಚಾಗಿ ವ್ಯಂಜನವೇ. ಹಾಲು, ಕಾಲು, ಸಾಲು, ಪಾಲು ಎಂಬ ಪದಗಳನ್ನು ಗಮನಿಸಿರಿ. ನಾಲ್ಕರಲ್ಲಿಯೂ ‘ಆಲು’ ಎಂಬ ಭಾಗ ಒಂದೇ. ಮೊದಲ ವ್ಯಂಜನದಲ್ಲಿ ಮಾತ್ರ ವ್ಯತ್ಯಾಸ. ಆ ವ್ಯಂಜನವು ಗದ್ದಲದಲ್ಲಿ ಮುಳುಗಿದರೆ ಕೇಳುವವನಿಗೆ ಉಳಿಯುವುದು ‘ಆಲು’ ಮಾತ್ರ. ಉಳಿದುದನ್ನು ಅವನು ಊಹಿಸಬೇಕು. ತಾತನು ಊಹಿಸಿದರು, ಊಹೆ ತಪ್ಪಿತು. ಅದು ಬುದ್ಧಿಯ ಮಾಂದ್ಯವಲ್ಲ. ಬುದ್ಧಿ ಅಷ್ಟು ಶ್ರಮಪಟ್ಟಿತೆಂಬುದಕ್ಕೆ ಅದೇ ಸಾಕ್ಷಿ. ಆದುದರಿಂದಲೇ ಕಿವಿ ಮಂದವಾದವರು, “ನಿಮ್ಮ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ” ಎನ್ನುತ್ತಾರೆ.

‘ಕಿವುಡನ ಮುಂದೆ ಶಂಖ ಊದಿದಂತೆ’ ಎಂಬ ಮಾತು ರೂಢಿಯಲ್ಲಿದೆ. ಕಿವುಡರೊಡನೆ ಮಾತನಾಡುವವರಲ್ಲಿ ಬಹುಮಂದಿ ಮಾಡುವುದೂ ಅದನ್ನೇ. ದನಿಯನ್ನು ಏರಿಸಿ ಏರಿಸಿ ಶಂಖವನ್ನು ಊದುತ್ತಾರೆ. ಇದರಿಂದ ಲಾಭ ಕಡಿಮೆ. ಹೊರಸಾಲಿನ ಕೋಶಗಳು ನಾಶವಾದಾಗ ಮೆಲುದನಿ ಕೇಳುವುದಿಲ್ಲ. ದೊಡ್ಡ ದನಿ ಮಾತ್ರ ಆರೋಗ್ಯವಂತನಿಗೆ ಕೇಳುವಷ್ಟೇ ದೊಡ್ಡದಾಗಿ ಕೇಳುತ್ತದೆ. ಕೇಳದಿರುವುದಕ್ಕೂ ಸಹಿಸಲಾಗದಿರುವುದಕ್ಕೂ ನಡುವಿನ ಅಂತರ ಕಿರಿದಾಗುತ್ತದೆ. ‘ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ, ಕೂಗಿದರೆ ಸಿಡುಕುತ್ತಾರೆ’ ಎಂದು ಮನೆಯ ಹಿರಿಯರನ್ನು ದೂರುವವರು ಇದನ್ನು ತಿಳಿಯಬೇಕು. ಸಿಡುಕು ಸ್ವಭಾವದ ದೋಷವಲ್ಲ, ಕಿವಿಯ ನೋವು.

ಇನ್ನು ಮಿದುಳಿನ ಕೆಲಸವನ್ನು ನೋಡೋಣ. ಜಾತ್ರೆಯ ಗದ್ದಲದಲ್ಲಿಯೂ ಮಗುವಿಗೆ ತನ್ನ ತಾಯಿಯ ದನಿ ತಿಳಿಯುತ್ತದೆ. ಅನೇಕ ದನಿಗಳಲ್ಲಿ ಒಂದನ್ನು ಮಾತ್ರ ಆರಿಸಿ ಹಿಡಿಯುವ ಈ ಶಕ್ತಿಯನ್ನು ಇಂಗ್ಲೆಂಡಿನ ಕಾಲಿನ್ ಚೆರಿ ಎಂಬ ವಿಜ್ಞಾನಿ ಪರೀಕ್ಷಿಸಿ, ಫಲಿತಾಂಶವನ್ನು 1953ರಲ್ಲಿ ಪ್ರಕಟಿಸಿದನು. ಅವನು ಕೇಳುಗರ ಎರಡು ಕಿವಿಗಳಿಗೂ ಏಕಕಾಲದಲ್ಲಿ ಬೇರೆ ಬೇರೆ ಮಾತುಗಳನ್ನು ಕೇಳಿಸಿ, ಒಂದು ಕಿವಿಯ ಮಾತನ್ನು ಕೂಡಲೇ ಬಾಯಿಯಲ್ಲಿ ಹೇಳುತ್ತ ಹೋಗುವಂತೆ ಸೂಚಿಸಿದನು. ಕೇಳುಗರು ಇದನ್ನು ಸುಲಭವಾಗಿ ಮಾಡಿದರು. ಆದರೆ ಇನ್ನೊಂದು ಕಿವಿಯಲ್ಲಿ ಏನು ಕೇಳಿತೆಂದು ಪ್ರಶ್ನಿಸಿದಾಗ ಅವರಿಗೆ ಹೆಚ್ಚೇನೂ ಹೇಳಲಾಗಲಿಲ್ಲ. ಗಂಡಸಿನ ದನಿ ಹೆಂಗಸಿನ ದನಿಯಾಗಿ ಬದಲಾದುದು ಗೊತ್ತಾಗಿತ್ತು. ಇಂಗ್ಲಿಷ್ ಮಾತು ಜರ್ಮನ್ ಆಗಿ ಬದಲಾದುದು ಗೊತ್ತಾಗಿರಲಿಲ್ಲ. ಮಿದುಳು ತನಗೆ ಬೇಕಾದ ದನಿಗೆ ಬಾಗಿಲು ತೆರೆದು ಉಳಿದವನ್ನು ಹೊಸಿಲಿನಲ್ಲಿಯೇ ನಿಲ್ಲಿಸುತ್ತದೆ.

ಈ ಆಯ್ಕೆಗೆ ಮಿದುಳಿಗೆ ಆಧಾರಗಳು ಬೇಕು. ಬಲಗಡೆಯಿಂದ ಬಂದ ಸದ್ದು ಬಲಗಿವಿಗೆ ತುಸು ಮೊದಲು, ಎಡಗಿವಿಗೆ ತುಸು ತಡವಾಗಿ ಮುಟ್ಟುತ್ತದೆ. ಈ ಅಂತರವು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದರೂ ಮಿದುಳು ಅದನ್ನು ಅಳೆದು ದನಿ ಬಂದ ದಿಕ್ಕನ್ನು ತಿಳಿಯುತ್ತದೆ. ಸ್ವರದ ಏರಿಳಿತ, ಮಾತನಾಡುವವರ ತುಟಿಯ ಚಲನೆ ಇವೂ ನೆರವಾಗುತ್ತವೆ. ಒಳಕಿವಿ ಕಳುಹಿಸುವ ಸುದ್ದಿಯೇ ಹರಿದ ಓಲೆಯಂತಿದ್ದರೆ ಮಿದುಳು ತಾನೇ ಏನು ಮಾಡಬಲ್ಲದು?

ಹೋಟೆಲಿನ ಗದ್ದಲಕ್ಕೂ ತನ್ನದೇ ಆದ ಕಾರಣಗಳುಂಟು. ಸುತ್ತಲೂ ಸದ್ದಿದ್ದರೆ ಮನುಷ್ಯನು ತನಗರಿವಿಲ್ಲದೆಯೇ ದನಿಯನ್ನು ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ ಇದನ್ನು 1911ರಲ್ಲಿ ವಿವರಿಸಿದನು. ಒಂದು ಮೇಜಿನವರು ದನಿ ಏರಿಸಿದರೆ ಮುಂದಿನ ಮೇಜಿನವರು ಅದಕ್ಕಿಂತ ಏರಿಸಬೇಕು. ಆಗ ಮೊದಲಿನವರು ಇನ್ನೂ ಏರಿಸಬೇಕು. ಹೀಗೆ ಗದ್ದಲವು ಗದ್ದಲವನ್ನು ಹೆರುತ್ತದೆ. ಧ್ವನಿಯನ್ನು ಅಳೆಯುವ ಮಾನ ಡೆಸಿಬೆಲ್. ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬೆಲ್. ಜನ ತುಂಬಿದ ಹೋಟೆಲಿನಲ್ಲಿ ಅದು 75, 80ನ್ನು ಮುಟ್ಟುವುದು ಅಪರೂಪವಲ್ಲ. ಈ ಮಾನದಲ್ಲಿ 10 ಹೆಚ್ಚಿದರೆ ಧ್ವನಿಯ ಶಕ್ತಿ ಹತ್ತು ಪಟ್ಟಾಗುತ್ತದೆಂಬುದನ್ನು ನೆನಪಿಡಬೇಕು.

ಕಟ್ಟಡದ ಪಾಲೂ ಸಣ್ಣದಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರವೊಂದರಲ್ಲಿ ಮಾತೇ ತಿಳಿಯುತ್ತಿರಲಿಲ್ಲ. ಆಡಿದ ದನಿ ಐದು ಸೆಕೆಂಡುಗಳಿಗೂ ಹೆಚ್ಚು ಕಾಲ ಗೋಡೆಯಿಂದ ಗೋಡೆಗೆ ಮರುಳಿಸುತ್ತಿತ್ತು. 1895ರಲ್ಲಿ ವ್ಯಾಲೆಸ್ ಸಬೈನ್ ಎಂಬ ತರುಣ ಪ್ರಾಧ್ಯಾಪಕನು ಇದರ ಪರಿಹಾರಕ್ಕೆ ತೊಡಗಿದನು. ರಾತ್ರಿಯ ನೀರವದಲ್ಲಿ ಹತ್ತಿರದ ರಂಗಮಂದಿರದಿಂದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ಮರುದನಿ ಎಷ್ಟೆಷ್ಟು ತಗ್ಗುತ್ತದೆಂದು ಅಳೆದನು. ಮೆತ್ತನೆಯ ವಸ್ತು ಸದ್ದನ್ನು ನುಂಗುತ್ತದೆ, ಗಡುಸಾದುದು ಹಿಂದಕ್ಕೆಸೆಯುತ್ತದೆ ಎಂಬುದಕ್ಕೆ ಲೆಕ್ಕ ದೊರೆಯಿತು. ಕಲ್ಲು, ಗಾಜು, ಬಿಲ್ಲೆಗಳ ಹೋಟೆಲು ತೊಳೆಯಲು ಸುಲಭ, ನೋಡಲು ಚೊಕ್ಕಟ. ಆದರೆ ಅಲ್ಲಿ ಹುಟ್ಟಿದ ಸದ್ದಿಗೆ ಸಾಯಲು ಜಾಗವಿಲ್ಲ.

ಇಂತಹ ಕಡೆ ಶ್ರವಣ ಸಾಧನವು ಏನು ಮಾಡುತ್ತದೆ? ಹಿಂದಿನ ಕಾಲದಲ್ಲಿ ಕಿವಿಗೆ ಕಹಳೆಯಾಕಾರದ ಕೊಳವೆಯನ್ನು ಹಿಡಿಯುತ್ತಿದ್ದರು. ಸಂಗೀತಗಾರ ಬೇಥೋವನ್ ಅಂತಹ ಕೊಳವೆಗಳನ್ನು ಬಳಸಿದವನು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಕೆಲವೇ ವರ್ಷಗಳಲ್ಲಿ ಅದು ಶ್ರವಣ ಸಾಧನಗಳನ್ನು ಸೇರಿತು. ಜೇಬಿನಲ್ಲಿದ್ದ ಪೆಟ್ಟಿಗೆ ಕಿವಿಯ ಹಿಂದಕ್ಕೆ ಬಂದಿತು. 1990ರ ದಶಕದಲ್ಲಿ ಧ್ವನಿಯನ್ನು ಅಂಕೆಗಳಾಗಿ ಮಾರ್ಪಡಿಸುವ ಸಾಧನಗಳು ಬಂದವು. ಈಗಿನವು ಪ್ರತಿಯೊಬ್ಬರ ಕಿವಿಯ ಕೊರತೆಗೆ ತಕ್ಕಂತೆ ಬೇಕಾದ ಸ್ಥಾಯಿಯನ್ನಷ್ಟೇ ಬಲಪಡಿಸಬಲ್ಲವು. ಮುಂದೆ ಒಂದು, ಹಿಂದೆ ಒಂದು ಮೈಕನ್ನು ಇಟ್ಟುಕೊಂಡು ಎದುರಿನ ದನಿಯನ್ನು ಹಿಡಿದು ಹಿಂದಿನದನ್ನು ತಗ್ಗಿಸಬಲ್ಲವು. ಫ್ಯಾನಿನ ಮೊರೆತದಂತಹ ಒಂದೇ ಸಮನಾದ ಸದ್ದನ್ನು ಗುರುತಿಸಿ ಕುಗ್ಗಿಸಬಲ್ಲವು. ಆದರೆ ಹೋಟೆಲಿನ ಗದ್ದಲ ಹೆಚ್ಚಾಗಿ ಮಾತೇ. ಈ ನೂರು ಮಾತುಗಳಲ್ಲಿ ಮೊಮ್ಮಗಳದು ಯಾವುದು, ಅಪರಿಚಿತರದು ಯಾವುದು ಎಂಬುದು ಯಂತ್ರಕ್ಕೆ ಹೇಗೆ ತಿಳಿಯಬೇಕು?

ಕನ್ನಡಕಕ್ಕೂ ಶ್ರವಣ ಸಾಧನಕ್ಕೂ ಇರುವ ಭೇದವೂ ಇದೇ. ಕನ್ನಡಕ ತೊಟ್ಟವನ ಕಣ್ಣಿನ ಒಳಪರದೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಗಾಜು ಬೆಳಕನ್ನು ಸರಿಯಾಗಿ ಅದರ ಮೇಲೆ ಬೀಳಿಸಿದರೆ ಸಾಕು. ಶ್ರವಣ ಸಾಧನವು ಶಬ್ದವನ್ನು ಒಪ್ಪಿಸುವುದು ಜಖಂಗೊಂಡ ಒಳಕಿವಿಗೆ. ಅದು ನೆರವಾಗುತ್ತದೆ, ಕಳೆದುದನ್ನು ಮರಳಿ ಕೊಡುವುದಿಲ್ಲ. ಇದನ್ನು ತಿಳಿಯದೆ ಮನೆಯವರು, “ಇಷ್ಟು ಹಣ ಕೊಟ್ಟು ತಂದಿದ್ದೇವೆ, ಇನ್ನೂ ಕೇಳುವುದಿಲ್ಲವೇ?” ಎನ್ನುತ್ತಾರೆ. ಹಿರಿಯರು ಸಾಧನವನ್ನು ಪೆಟ್ಟಿಗೆಯಲ್ಲಿಟ್ಟು ಮೌನಕ್ಕೆ ಶರಣಾಗುತ್ತಾರೆ.

ಮೊಮ್ಮಗಳ ಒತ್ತಾಯದಿಂದ ತಾತನು ಶ್ರವಣತಜ್ಞೆಯ ಬಳಿಗೆ ಮತ್ತೊಮ್ಮೆ ಹೋದರು. ಶ್ರವಣ ವಿಜ್ಞಾನಕ್ಕೂ ಮೈಸೂರಿಗೂ ಹಳೆಯ ನಂಟು. 1960ರ ದಶಕದಲ್ಲಿ ಮಾನಸಗಂಗೋತ್ರಿಯಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿದ್ಯೆಯನ್ನು ಕಲಿಸುತ್ತ, ಚಿಕಿತ್ಸೆ ನೀಡುತ್ತ ಬಂದಿದೆ. ಕನ್ನಡದ ಪದಗಳನ್ನೇ ಬಳಸಿ ಶ್ರವಣವನ್ನು ಪರೀಕ್ಷಿಸುವ ಪಟ್ಟಿಗಳೂ ಸಿದ್ಧವಾಗಿವೆ. ತಜ್ಞೆಯು ಸಾಧನವನ್ನು ಸರಿಹೊಂದಿಸಿದ ಮೇಲೆ, “ಗಿರಣಿಯಲ್ಲಿ ಒಬ್ಬರೊಡನೊಬ್ಬರು ಹೇಗೆ ಮಾತನಾಡುತ್ತಿದ್ದಿರಿ?” ಎಂದು ಕೇಳಿದಳು. ತಾತನ ಮುಖ ಅರಳಿತು. “ಅಲ್ಲಿ ಕೂಗಿ ಏನು ಫಲವಮ್ಮ? ಮುಖ ನೋಡಿಕೊಂಡು ಮಾತನಾಡುತ್ತಿದ್ದೆವು. ತುಟಿ ಅಲುಗಿದರೆ ಸಾಕು, ತಿಳಿಯುತ್ತಿತ್ತು” ಎಂದರು. ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಗಿರಣಿಗಳಲ್ಲಿಯೂ ನೇಕಾರರು ಹೀಗೆಯೇ ತುಟಿಯನ್ನೂ ಕೈಯನ್ನೂ ಆಡಿಸಿ ಮಾತನಾಡುತ್ತಿದ್ದರು. ಗದ್ದಲದಲ್ಲಿ ಮುಖ ಕಂಡರೆ ಮಾತು ಹೆಚ್ಚು ತಿಳಿಯುತ್ತದೆಂದು 1954ರಷ್ಟು ಹಿಂದೆಯೇ ಪ್ರಯೋಗಗಳು ತೋರಿಸಿವೆ. ಕಿವಿಯನ್ನು ಕಸಿದುಕೊಂಡ ಗಿರಣಿಯೇ ಕಣ್ಣಿಗೆ ಒಂದು ವಿದ್ಯೆಯನ್ನು ಕಲಿಸಿತ್ತು. ಆ ವಿದ್ಯೆಗೆ ಮನೆಯವರು ಅವಕಾಶ ಕೊಡಬೇಕಾಗಿತ್ತು, ಅಷ್ಟೇ.

ತಜ್ಞೆ ಹೇಳಿದ ಉಪಾಯಗಳು ಸರಳವಾದವು. ಜನಸಂದಣಿ ಕಡಿಮೆಯಿರುವ ಹೊತ್ತನ್ನು ಆರಿಸಬೇಕು. ಅಡಿಗೆಮನೆ, ಬೀದಿ, ಕೈತೊಳೆಯುವ ಜಾಗಗಳಿಂದ ದೂರವಾದ ಮೂಲೆಯ ಮೇಜನ್ನು ಹಿಡಿಯಬೇಕು. ಸಾಧನ ತೊಟ್ಟವರು ಗದ್ದಲಕ್ಕೆ ಬೆನ್ನು ಮಾಡಿ ಕುಳಿತರೆ ಎದುರಿನವರ ಮಾತನ್ನು ಸಾಧನವು ಚೆನ್ನಾಗಿ ಹಿಡಿಯುತ್ತದೆ. ಮಾತನಾಡುವವರ ಮುಖದ ಮೇಲೆ ಬೆಳಕಿರಬೇಕು. ಬಾಯಿಗೆ ಕೈ ಅಡ್ಡವಿರಬಾರದು. ಮೊದಲು ಕರೆದು ಗಮನ ಸೆಳೆದು ಆಮೇಲೆ ಮಾತನಾಡಬೇಕು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಕೂಗದೆ, ತುಸು ನಿಧಾನವಾಗಿ, ಸ್ಪಷ್ಟವಾಗಿ. ಒಂದು ಮಾತು ತಿಳಿಯದಿದ್ದರೆ ಅದನ್ನೇ ಹತ್ತು ಸಲ ಹೇಳುವುದಕ್ಕಿಂತ ಬೇರೆ ಮಾತಿನಲ್ಲಿ ಹೇಳುವುದು ಮೇಲು. ‘ಹಾಲು’ ಎಂಬ ಒಂದೇ ಪದ ಮುಳುಗಿದರೂ ‘ಕುಡಿಯಲು ಬಿಸಿಹಾಲು ತರಿಸಲೇ’ ಎಂಬ ವಾಕ್ಯ ತೇಲಬಹುದು. ಮಾತನಾಡುವವರ ಕೊರಳಪಟ್ಟಿಗೆ ಸಿಕ್ಕಿಸುವ ಪುಟ್ಟ ಮೈಕುಗಳೂ ಇವೆ. ಅವು ದನಿಯನ್ನು ಬಾಯಿಯ ಬಳಿಯಲ್ಲಿಯೇ ಹಿಡಿದು ನೇರವಾಗಿ ಸಾಧನಕ್ಕೆ ಕಳುಹಿಸುತ್ತವೆ.

ಕೆಲವು ವಾರಗಳ ಅನಂತರ ಆ ಸಂಸಾರ ಮತ್ತೆ ಅದೇ ಹೋಟೆಲಿಗೆ ಹೋಯಿತು. ಈ ಸಲ ಮಧ್ಯಾಹ್ನ ನಾಲ್ಕು ಗಂಟೆಗೆ. ಮೂಲೆಯ ಮೇಜನ್ನು ಮೊಮ್ಮಗಳೇ ಆರಿಸಿ, ತಾತನನ್ನು ಗೋಡೆಗೆ ಮುಖಮಾಡಿ ಕುಳ್ಳಿರಿಸಿ, ತಾನು ಅವರ ಎದುರಿಗೆ ಕುಳಿತಳು. ಅಪ್ಪ, ಅಮ್ಮ, ತಮ್ಮ ಸರದಿಯಂತೆ ಮಾತನಾಡಿದರು. ಎಲ್ಲ ಮಾತೂ ತಾತನಿಗೆ ತಿಳಿಯಿತೆಂದಲ್ಲ. ತಿಳಿಯದಾಗ, “ಇನ್ನೊಮ್ಮೆ ಹೇಳಿ” ಎಂದು ಅವರು ಸಂಕೋಚವಿಲ್ಲದೆ ಕೇಳಿದರು. ಕಡೆಗೆ ಮೊಮ್ಮಗಳು ಅವರ ಮುಖವನ್ನೇ ನೋಡುತ್ತ, “ತಾತ, ಕುಡಿಯಲು ಹಾಲು ತರಿಸಲೇ?” ಎಂದಳು. ತಾತನು ಒಂದು ಕ್ಷಣ ಸುಮ್ಮನಿದ್ದು, “ಕಾಲೂ ನೋಯುತ್ತಿಲ್ಲ, ಹಾಲೂ ಬೇಡ; ಕಾಫಿ ತರಿಸು” ಎಂದರು. ಆಗಲೂ ಎಲ್ಲರೂ ನಕ್ಕರು. ಆದರೆ ಈ ನಗೆ ತಾತನ ಮೇಲೆ ಬಿದ್ದುದಲ್ಲ, ತಾತನೇ ಹಂಚಿದ್ದು.

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೊರತಂದ ವರದಿಯಂತೆ ನೆರವು ಬೇಕಾಗುವಷ್ಟು ಶ್ರವಣದೋಷವುಳ್ಳವರು ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು. ಅವರಲ್ಲಿ ವೃದ್ಧರಷ್ಟೇ ಅಲ್ಲ, ಎಳೆಯರೂ ಇದ್ದಾರೆ. ವಾರಕ್ಕೆ 40 ಗಂಟೆ 80 ಡೆಸಿಬೆಲ್ ಸದ್ದನ್ನು ಕಿವಿ ತಾಳಬಹುದು; 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ ಎಂದು ಅದೇ ಸಂಸ್ಥೆ ಎಚ್ಚರಿಸಿದೆ. ಕಿವಿಗೆ ಸಿಕ್ಕಿಸಿಕೊಂಡು ಗಟ್ಟಿಯಾಗಿ ಹಾಡು ಕೇಳುವ ತರುಣರು ಈ ಲೆಕ್ಕವನ್ನು ಮರೆಯಬಾರದು. ತಾತನು ಕಿವಿಯನ್ನು ಕಳೆದುಕೊಂಡದ್ದು ಮನೆಮಂದಿಯ ಹೊಟ್ಟೆಪಾಡಿಗಾಗಿ. ವಿನೋದಕ್ಕಾಗಿ ಕಳೆದುಕೊಳ್ಳುವುದು ವಿವೇಕವಲ್ಲ.

ಯಂತ್ರಗಳು ಇನ್ನೂ ಸುಧಾರಿಸುತ್ತವೆ. ಮಾತನ್ನು ಗದ್ದಲದಿಂದ ಬೇರ್ಪಡಿಸಲು ಕಲಿತ ಸಾಧನಗಳು ಈಗಾಗಲೇ ಬಂದಿವೆ. ಆದರೆ ಮಾತೆಂಬುದು ಇಬ್ಬರ ಕೆಲಸ. ಕೇಳುವವನ ಶ್ರಮ ಹೆಚ್ಚಾದಾಗ ಆಡುವವನು ತನ್ನ ಪಾಲನ್ನು ಹೆಚ್ಚಿಸಿಕೊಳ್ಳಬೇಕು. ಅದಕ್ಕೆ ಹಣ ಬೇಡ, ವಿದ್ಯೆಯೂ ಬೇಡ. ಹಿರಿಯರ ಕಡೆಗೆ ಮುಖ ತಿರುಗಿಸಿ, ಒಂದು ಮಾತನ್ನು ತಾಳ್ಮೆಯಿಂದ ಎರಡನೆಯ ಸಲ ಹೇಳಿದರೆ ಸಾಕು.

ಪದಗಳ ಅರ್ಥ

ಬಹುಶ್ರುತ – ಬಹಳ ಕೇಳಿ ತಿಳಿದವನು, ವಿದ್ವಾಂಸ
ಮಾಂದ್ಯ – ಮಂದತನ, ಜಡತೆ
ಸ್ಥಾಯಿ – ಸ್ವರದ ಮಟ್ಟ
ಕ್ಷೀಣ – ಕುಂದಿದ, ಬಲವಿಲ್ಲದ
ನೀರವ – ಸದ್ದಿಲ್ಲದಿರುವಿಕೆ
ಓಲೆ – ಪತ್ರ, ಕಾಗದ
ಸಂದಣಿ – ಗುಂಪು, ದಟ್ಟಣೆ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಬಹುಶ್ರುತ’ ಎಂಬ ಪದದ ಅರ್ಥವೇನು?
2. ಬೆಕೆಸಿಗೆ ನೊಬೆಲ್ ಪಾರಿತೋಷಕ ಯಾವ ವರ್ಷ ದೊರೆಯಿತು?
3. ಗಿರಣಿಯಲ್ಲಿ ತಾತನೂ ಅವರ ಜೊತೆಗಾರರೂ ಹೇಗೆ ಮಾತನಾಡುತ್ತಿದ್ದರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ‘ಹಾಲು’ ಎಂಬುದು ತಾತನಿಗೆ ‘ಕಾಲು’ ಎಂದು ಕೇಳಿಸಿದುದೇಕೆ?
2. ಕಾಲಿನ್ ಚೆರಿಯ ಪ್ರಯೋಗವನ್ನು ವಿವರಿಸಿರಿ.
3. ಕನ್ನಡಕಕ್ಕೂ ಶ್ರವಣ ಸಾಧನಕ್ಕೂ ಇರುವ ವ್ಯತ್ಯಾಸವೇನು?

ಇ) ಸಂದರ್ಭದೊಡನೆ ವಿವರಿಸಿರಿ.
1. “ನೀವು ಹೋಗಿ ಬನ್ನಿ, ನನಗೆ ಹಸಿವಿಲ್ಲ.”
2. “ಕಾಲೂ ನೋಯುತ್ತಿಲ್ಲ, ಹಾಲೂ ಬೇಡ, ಕಾಫಿ ತರಿಸು.”

ಈ) ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಪಂಚೇಂದ್ರಿಯ, ಬಲಗಿವಿ, ಮಾತೆಲ್ಲ.

ಉ) ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ: ಬಿಸಿಹಾಲು, ಮೆಲುದನಿ.

ಊ) ಕ್ರಿಯೆ: ಮೊದಲ ವ್ಯಂಜನ ಮಾತ್ರ ಬೇರೆಯಾಗಿರುವ ನಾಲ್ಕು ನಾಲ್ಕು ಪದಗಳ ಮೂರು ಗುಂಪುಗಳನ್ನು ಬರೆಯಿರಿ. ತರಗತಿಯಲ್ಲಿ ಗದ್ದಲವಿರುವಾಗ ಅವನ್ನು ಮೊದಲು ಬೆನ್ನು ತಿರುಗಿಸಿಯೂ ಅನಂತರ ಮುಖ ತೋರಿಸಿಯೂ ಗೆಳೆಯನಿಗೆ ಓದಿ ಹೇಳಿ, ಎಷ್ಟು ಪದಗಳು ಸರಿಯಾಗಿ ತಿಳಿದವೆಂದು ಗುರುತಿಸಿರಿ.